ಮೊದಲರ್ಧ ಭಾವನದು, ಎರಡನೆಯರ್ಧ ಅಕ್ಕನದು

ನನಗೊಂದು ಚಟವಿದೆ. ಸಿನಿಮಾ ನೋಡಿ ಹೊರಬಂದಾಗ ಅದು ನನಗೆ ಹಿಡಿಸಿತೋ ಇಲ್ಲವೋ ಎಂಬುದು ತಕ್ಷಣ ಗೊತ್ತಾಗುವುದಿಲ್ಲ. ಆಟೊ ಹತ್ತಿ ಕೂತು, ಫೋನ್ ತೆಗೆದು, ನೋಡಿದವರೆಲ್ಲ ಏನು ಬರೆದಿದ್ದಾರೆಂದು ಓದತೊಡಗುತ್ತೇನೆ. ಮನೆ ಮುಟ್ಟುವಷ್ಟರಲ್ಲಿ ನನಗೂ ಒಂದು ಅಭಿಪ್ರಾಯ ಬಂದಿರುತ್ತದೆ. ಅದು ನನ್ನದೇ ಎಂದು ನಂಬಿಕೊಂಡು ಮರುದಿನ ಎಲ್ಲರಿಗೂ ಹೇಳುತ್ತೇನೆ. ವಡೋದರಾದ ಹೊರಗಿನ ಒಂದು ರಾಸಾಯನಿಕ ಕಾರ್ಖಾನೆಯ ಪ್ರಯೋಗಾಲಯದಲ್ಲಿ ನನಗೆ ಕೆಲಸ. ಅಲ್ಲಿ ಯಾವ ಪರೀಕ್ಷೆಯನ್ನೂ ಒಂದೇ ಸಲ ಮಾಡಿ ನಂಬುವ ಹಾಗಿಲ್ಲ. ಬಹುಶಃ ಆ ಅಭ್ಯಾಸವೇ ಮನಸ್ಸಿಗೂ ಅಂಟಿಕೊಂಡಿರಬೇಕು. ಅಥವಾ ಚಟಕ್ಕೊಂದು ಗೌರವದ ಕಾರಣ ಹುಡುಕುತ್ತಿದ್ದೇನೋ ಏನೋ.

ಈಚೆಗೆ ನೋಡಿದ್ದು ಒಂದು ಇಂಗ್ಲಿಷ್ ಸಿನಿಮಾ, ಹಿಂದಿಗೆ ಡಬ್ ಆದದ್ದು. ಅದರ ನಾಯಕ ಇಲ್ಲಿದ್ದವನು ರೆಪ್ಪೆ ಬಡಿಯುವುದರೊಳಗೆ ಇನ್ನೆಲ್ಲೋ ಇರುತ್ತಾನೆ. ಅವನಿಗೆ ಬಸ್ಸು ಬೇಡ, ವಿಮಾನ ಬೇಡ, ವೀಸಾ ಬೇಡ. ಆದರೆ ಹೀಗೆ ಹಾರಿದಾಗಲೆಲ್ಲ ಅವನ ನೆನಪಿನ ಒಂದು ಚೂರು ಹಿಂದೆಯೇ ಉಳಿದುಬಿಡುತ್ತದೆ. ಮೊದಮೊದಲು ಬೀಗದಕೈ ಎಲ್ಲಿಟ್ಟೆ ಎಂಬಂಥ ಮರೆವು. ಬರಬರುತ್ತ ಓದಿದ ಶಾಲೆ, ಹೆಂಡತಿಯ ಹೆಸರು. ಇದರ ನಡುವೆ ಕಪ್ಪು ಕೋಟಿನವರ ದಂಡೊಂದು ಅವನನ್ನು ಅಟ್ಟಿಸಿಕೊಂಡು ಬರುತ್ತದೆ. ಯಾಕೆ ಎಂಬುದನ್ನು ಸಿನಿಮಾದಲ್ಲಿ ಹೇಳಿದ್ದರು. ನಾನು ಮರೆತಿದ್ದೇನೆ, ಎಲ್ಲಿಗೂ ಹಾರದೆಯೇ.

ನೋಡಿದವರ ಅಭಿಪ್ರಾಯಗಳು ಸಿನಿಮಾಕ್ಕಿಂತ ಚೆನ್ನಾಗಿದ್ದವು. ‘ತಲೆಯನ್ನು ಮನೆಯಲ್ಲಿಟ್ಟು ಹೋಗಿ, ಮಜಾ ಬರುತ್ತದೆ’ ಎಂದು ಒಬ್ಬರು. ‘ಮಾಯವಾಗಿ ಹೋಗಬಲ್ಲವನು ನಿಂತು ಹೊಡೆದಾಡುವುದೇಕೆ?’ ಎಂದು ಇನ್ನೊಬ್ಬರು. ಇದು ನ್ಯಾಯವಾದ ಪ್ರಶ್ನೆ. ‘ಹೆಂಡತಿಯ ಹೆಸರು ಮರೆಯುವವನು ಕುಂಗ್‌ಫು ಮಾತ್ರ ಹೇಗೆ ಮರೆಯುವುದಿಲ್ಲ?’ ಎಂದು ಯಾರೋ ಕೇಳಿದ್ದಕ್ಕೆ ಕೆಳಗೊಬ್ಬರು ‘ನಿಮಗಿನ್ನೂ ಮದುವೆಯಾಗಿಲ್ಲ ಅಂತ ಕಾಣುತ್ತೆ’ ಎಂದು ಉತ್ತರ ಕೊಟ್ಟಿದ್ದರು. ಒಬ್ಬ ಪುಣ್ಯಾತ್ಮರು ಒಂದೇ ನಕ್ಷತ್ರ ಕೊಟ್ಟಿದ್ದರು. ಕಾರಣ, ಥಿಯೇಟರಿನಲ್ಲಿ ಕಾರು ನಿಲ್ಲಿಸಲು ಜಾಗ ಸಿಗಲಿಲ್ಲವಂತೆ.

ಇವುಗಳ ನಡುವೆ, ಎಲ್ಲ ಸಿನಿಮಾಕ್ಕೂ ಇರುವಂತೆ, ಆ ಹಳೆಯ ಜಗಳವೂ ಇತ್ತು. ‘ಫಸ್ಟ್ ಹಾಫ್ ಸೂಪರ್, ಸೆಕೆಂಡ್ ಹಾಫ್ ಬೋರ್’ ಎಂದು ಒಂದು ಪಕ್ಷ. ‘ಫಸ್ಟ್ ಹಾಫ್ ಎಳೆದಿದ್ದಾರೆ, ಸೆಕೆಂಡ್ ಹಾಫ್‌ಗಾಗಿಯೇ ನೋಡಿ’ ಎಂದು ಇನ್ನೊಂದು ಪಕ್ಷ. ಇದನ್ನು ಓದಿದಾಗಲೆಲ್ಲ ನನಗೆ ಅಕ್ಕ ಮತ್ತು ಭಾವ ಕಣ್ಣಿಗೆ ಬರುತ್ತಾರೆ. ಏಕೆಂದರೆ ಈ ಜಗಳವನ್ನು ಅವರಷ್ಟು ಪ್ರಾಮಾಣಿಕವಾಗಿ ಮಾಡಿದವರು ಬೇರೆ ಯಾರೂ ಇರಲಾರರು. ಮದುವೆಯಾದಾಗಿನಿಂದ ಭಾವ ನೋಡಿದ್ದೆಲ್ಲ ಮೊದಲರ್ಧ. ಅಕ್ಕ ನೋಡಿದ್ದೆಲ್ಲ ಎರಡನೆಯರ್ಧ.

ಉಡುಪಿ ಕಡೆಯ ಭಾವನಿಗೆ ಅಹಮದಾಬಾದಿನಲ್ಲಿ ಒಂದು ಸಣ್ಣ ಹೋಟೆಲು. ಇಡ್ಲಿ, ದೋಸೆ, ಅಲ್ಲಿನವರ ನಾಲಿಗೆಗೆ ಹೊಂದುವಂತೆ ಬೆಲ್ಲ ಸ್ವಲ್ಪ ಹೆಚ್ಚು ಹಾಕಿದ ಸಾಂಬಾರು. ಆ ಹೋಟೆಲಿನದೊಂದು ನಿಯಮ: ಗಲ್ಲಾದ ಕುರ್ಚಿಯಲ್ಲಿ ಯಾವಾಗಲೂ ಮನೆಯವರೊಬ್ಬರು ಕೂತಿರಬೇಕು. ಕೆಲಸದವರ ಮೇಲೆ ಅನುಮಾನವೆಂದಲ್ಲ. ಅವರಲ್ಲಿ ಕೆಲವರು ಅಕ್ಕನಿಗಿಂತ ಮೊದಲು ಆ ಮನೆಗೆ ಬಂದವರು. ಆದರೆ ಒಳಗೆ ಬಂದ ಗಿರಾಕಿಗೆ ಗಲ್ಲಾದಲ್ಲಿ ಪರಿಚಯದ ಮುಖ ಕಾಣಬೇಕು. ಕುರ್ಚಿ ಖಾಲಿ ಕಂಡರೆ ಮನೆಯಲ್ಲಿ ಏನೋ ಆಗಿದೆ ಎಂದುಕೊಳ್ಳುತ್ತಾರೆ. ಭಾವನ ಅಪ್ಪ ಹೇಳಿಕೊಟ್ಟದ್ದು ಅದು. ಹಾಗಾಗಿ ಇಬ್ಬರೂ ಒಟ್ಟಿಗೆ ಎದ್ದು ಹೋಗುವ ಪ್ರಶ್ನೆಯೇ ಇರಲಿಲ್ಲ. ಇಬ್ಬರಿಗೂ ಸಿನಿಮಾ ಹುಚ್ಚು ಬೇರೆ.

ಅದಕ್ಕೆ ಅವರು ಕಂಡುಕೊಂಡ ಉಪಾಯ ಇದು. ಹೋಟೆಲಿಗೆ ಹತ್ತಿರದ ಥಿಯೇಟರಿನಲ್ಲಿ ಮಧ್ಯಾಹ್ನದ ಆಟಕ್ಕೆ ಒಂದೇ ಟಿಕೆಟ್. ಮೊದಲರ್ಧ ನೋಡಿ ಭಾವ ಹೊರಗೆ ಬರುವ ಹೊತ್ತಿಗೆ ಅಕ್ಕ ಬಾಗಿಲಲ್ಲಿ ನಿಂತಿರುತ್ತಿದ್ದಳು. ಅವರು ಟಿಕೆಟಿನ ಚೂರು ಅವಳ ಕೈಗಿಟ್ಟು, ‘ಕೆಂಪು ಶರ್ಟಿನವ ಒಳ್ಳೆಯವ, ಅವನ ತಮ್ಮನನ್ನು ನಂಬಬೇಡ’ ಎಂಬಂತೆ ಎರಡು ಮಾತು ಹೇಳಿ ಹೋಟೆಲಿಗೆ ನಡೆಯುತ್ತಿದ್ದರು. ಇಬ್ಬರೂ ಹೋಟೆಲಿನಲ್ಲಿಲ್ಲದ ಆ ಹೊತ್ತು, ಮದುವೆಯ ಹೊಸತರಲ್ಲಿ, ಅಕ್ಕನ ಮಾವ ಗಲ್ಲಾದಲ್ಲಿರುತ್ತಿದ್ದರು. ಮುದುಕರು ಅದನ್ನು ‘ಟ್ರಾನ್ಸ್‌ಫರ್ ಟೈಮ್’ ಎನ್ನುತ್ತಿದ್ದರು. ಅವರು ತೀರಿಕೊಂಡ ಮೇಲೆ ಅಡುಗೆಯ ಹಿರಿಯ ಭಟ್ಟರು ಆ ಹತ್ತು ನಿಮಿಷದ ಮಟ್ಟಿಗೆ ಮನೆಯವರಾದರು. ಬಾಗಿಲು ಕಾಯುವಾತನೂ ಒಗ್ಗಿಹೋಗಿದ್ದ. ‘ಆವೋ ಬೆನ್, ಹವೇ ತಮಾರೋ ವಾರೋ’ ಎಂದು, ಬಾ ತಂಗಿ ಇನ್ನು ನಿನ್ನ ಸರದಿ ಎಂದು, ನಗುತ್ತಲೇ ಒಳಗೆ ಬಿಡುತ್ತಿದ್ದ.

ಸಂಜೆ ಕಥೆಯನ್ನು ಜೋಡಿಸುವ ಕೆಲಸ. ಅಲ್ಲಿಯೇ ನಿಜವಾದ ಸಿನಿಮಾ ಶುರುವಾಗುತ್ತಿತ್ತು.

“ಅವ ಅಷ್ಟು ಸಿಟ್ಟು ಮಾಡಿಕೊಳ್ಳುದು ಯಾಕೆ?” ಎಂದು ಅಕ್ಕ ಕೇಳುತ್ತಾಳೆ.

“ಅವನ ಅಪ್ಪನನ್ನು ಕೊಂದಿದ್ದಾರಲ್ಲ.”

“ಯಾರು?”

“ಆ ದಾಡಿಯವ.”

“ಅಯ್ಯೋ, ಅವನನ್ನೇ ನಾನು ಪಾಪದವ ಅಂತ ತಿಳ್ಕೊಂಡಿದ್ದೆ. ಕೊನೆಗೆ ಅವ ಸಾಯುವಾಗ ನಾನು ಅತ್ತೆ ಮಾರಾಯ್ರೆ!”

“ಸತ್ನಾ? ಒಳ್ಳೇದಾಯ್ತು.”

ಹೀಗೆ ಭಾವನ ಮಟ್ಟಿಗೆ ಯಾವ ನಾಯಕನೂ ತೆರೆಯ ಮೇಲೆ ಗೆದ್ದವನಲ್ಲ. ಎಲ್ಲರೂ ಅಕ್ಕನ ಬಾಯಿಯಲ್ಲಿ ಗೆದ್ದವರು. ಅಕ್ಕನ ಮಟ್ಟಿಗೆ ಪ್ರೇಮವೆಂಬುದು ಹುಟ್ಟುವುದೇ ಇಲ್ಲ, ಮೊದಲೇ ಇರುತ್ತದೆ. ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ನಾನು ವಾರದ ಕೊನೆಗೆ ವಡೋದರಾದಿಂದ ರೈಲು ಹತ್ತಿ ಅವರಲ್ಲಿಗೆ ಹೋಗುತ್ತಿದ್ದೆ. ಅವರಿಬ್ಬರ ಈ ಕಥೆ ಕೇಳುತ್ತ ಕೇಳುತ್ತ ಊಟ ಮಾಡಿದ್ದೇನೆ. ಎಷ್ಟೋ ಸಿನಿಮಾಗಳನ್ನು ನಾನು ನೋಡಿದ್ದೇನೋ, ಅವರಿಂದ ಕೇಳಿದ್ದೇನೋ ಈಗ ಹೇಳಲಾರೆ. ಒಂದರಲ್ಲಿ ನಾಯಕಿ ಸೇತುವೆಯ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಓಡುತ್ತಾಳೆ. ಅವಳ ಸೀರೆಯ ಹಸಿರು ಬಣ್ಣ ಕೂಡ ನನಗೆ ನೆನಪಿದೆ. ಅದನ್ನು ನೋಡಿದೆ ಎಂದುಕೊಂಡ ದಿನದ ನನ್ನ ದಿನಚರಿ ತೆಗೆದು ನೋಡಿದರೆ ನನಗೆ ಜ್ವರ, ಅಕ್ಕ ಗಂಜಿ ಮಾಡಿಕೊಟ್ಟಳು ಎಂದಷ್ಟೇ ಇದೆ. ಹಸಿರು ಸೀರೆ ಉಟ್ಟವಳು ಅಕ್ಕನೇ ಇರಬಹುದು. ದಿನಚರಿ ಬರೆಯುವುದರ ತೊಂದರೆ ಇದೇ, ನಮ್ಮ ವಿರುದ್ಧ ನಾವೇ ಸಾಕ್ಷಿ ಕೂಡಿಡುತ್ತೇವೆ.

ಅಕ್ಕ ಕಥೆ ಹೇಳುವುದನ್ನು ಕಲಿತದ್ದು ನನ್ನ ಜಡೆಯ ಮೇಲೆ. ಚಿಕ್ಕವರಿದ್ದಾಗ ನನ್ನನ್ನು ಸಿನಿಮಾಕ್ಕೆ ಕಳಿಸುತ್ತಿರಲಿಲ್ಲ, ಗೆಳತಿಯರ ಜೊತೆ ಅವಳು ಹೋಗಿ ಬರುತ್ತಿದ್ದಳು. ಮರುದಿನ ಬೆಳಿಗ್ಗೆ ನನ್ನ ತಲೆ ಬಾಚುತ್ತ ಕಥೆ ಶುರು. ಹಾಡು ಬಂದಾಗ ಬಾಚಣಿಗೆ ನಿಧಾನ. ಹೊಡೆದಾಟ ಬಂದಾಗ ಜಡೆ ಬಿಗಿ. ಖಳನಾಯಕ ಸಾಯುವ ದಿನಗಳಲ್ಲಿ ನಾನು ಹುಬ್ಬು ಮೇಲಕ್ಕೆಳೆದುಕೊಂಡ ಮುಖದಲ್ಲೇ ಶಾಲೆಗೆ ಹೋಗುತ್ತಿದ್ದೆ. ಹೊತ್ತಾದರೆ ಅವಳು ಕಥೆಯನ್ನು ಮೊಟಕು ಮಾಡಿ ಎಲ್ಲರಿಗೂ ಮದುವೆ ಮಾಡಿಸಿಬಿಡುತ್ತಿದ್ದಳು ಎಂಬ ಗುಮಾನಿ ನನಗೆ ಈಗಲೂ ಇದೆ.

ಈ ಚಳಿಗಾಲದಲ್ಲಿ ಭಾವನಿಗೆ ಎದೆನೋವು ಬಂತು. ಆಸ್ಪತ್ರೆಗೆ ಸೇರಿಸಿ ಸ್ಟೆಂಟ್ ಹಾಕಿದರು. ಮಗಳು ನಿಧಿ ಸೂರತ್‌ನಿಂದ ಓಡಿಬಂದಳು. ಅವಳಿಗೆ ಅಲ್ಲಿ ಕತಾರ್‌ಗಾಮ್‌ನ ಒಂದು ವಜ್ರದ ಕಾರ್ಖಾನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಹರಳುಗಳ ಅಂದಾಜು ಮಾಡುವ ಕೆಲಸ. ನಾನೂ ರಜೆ ಹಾಕಿ ಹೋದೆ. ಆದರೆ ಭಾವ ಹಾಸಿಗೆಯ ಮೇಲೆ ಕಣ್ಣು ಬಿಟ್ಟು ಮೊದಲು ಕೇಳಿದ್ದು, “ಗಲ್ಲಾದಲ್ಲಿ ಯಾರಿದ್ದಾರೆ?” ಎಂದು. ಆಮೇಲೆ ಅಕ್ಕ ಆಸ್ಪತ್ರೆಗೂ ಹೋಟೆಲಿಗೂ ಓಡಾಡಿದಳು. ಅಲ್ಲಿಯೂ ಅದೇ ಸರದಿ.

ಭಾವ ಮನೆಗೆ ಬಂದು ಕೆಲವು ವಾರಗಳಾದ ಮೇಲೆ ಅಕ್ಕ ಫೋನ್ ಮಾಡಿದಳು. ಹಿಂದೆ ಮಿಕ್ಸಿ ಸದ್ದಾಗುತ್ತಿತ್ತು. ಅದು ನಿಂತ ಮೇಲೆ ಶುರು ಮಾಡಿದಳು.

“ಚಂದ್ರಿ, ಬೆಳಿಗ್ಗೆ ಅವರು ಎದ್ದು ಹೋಗುವಾಗ ನಾನು ಮಲಗಿರ್ತೇನೆ. ನಾನು ಮನೆಗೆ ಬರುವಾಗ ಅವರು ಮಲಗಿರ್ತಾರೆ. ಊಟವೂ ಒಬ್ಬರದ್ದು ಆದ ಮೇಲೆ ಇನ್ನೊಬ್ಬರದ್ದು. ಆಸ್ಪತ್ರೆಯಲ್ಲಿ ಆ ಬೆಂಚಿನ ಮೇಲೆ ಕೂತು ಇದನ್ನೇ ಯೋಚನೆ ಮಾಡಿದೆ.”

“ಹೂಂ.”

“ಒಂದು ಸಿನಿಮಾ ನೋಡ್ಬೇಕು ಅವರೊಟ್ಟಿಗೆ. ಪಕ್ಕದಲ್ಲಿ ಕೂತು, ಶುರುವಿನಿಂದ ಕೊನೆ ತನಕ. ಅಷ್ಟೇ. ಆಮೇಲೆ ಎಂತ ಬೇಕಾದ್ರೂ ಆಗ್ಲಿ.”

“ಎಂತ ಬೇಕಾದ್ರೂ ಅಂದ್ರೆ ಎಂತದು? ಬಾಯಿ ಮುಚ್ಚು” ಎಂದು ಬೈದೆ.

ಭಾವನನ್ನು ಒಪ್ಪಿಸುವುದು ಸುಲಭವಾಗಲಿಲ್ಲ.

“ಗಲ್ಲಾದಲ್ಲಿ ಯಾರು?” ಎಂದರು.

“ನಾನು ಬರ್ತೇನೆ ಭಾವ. ನಾನು ಮನೆಯವಳಲ್ವಾ?”

“ಮನೆಯವಳೇ. ಆದ್ರೆ ನಿನಗೆ ಎಂತ ಗೊತ್ತುಂಟು?”

“ಎಂಎಸ್‌ಸಿ ಮಾಡಿದ್ದೇನೆ.”

“ಅದೇ ಹೆದರಿಕೆ” ಎಂದರು. ಆದರೆ ಒಪ್ಪಿದರು.

ಯಾವ ಸಿನಿಮಾ ಎಂದು ನಿರ್ಧರಿಸಿದವಳು ನಿಧಿ. ಹುಟ್ಟಿ ಬೆಳೆದದ್ದು ಅಹಮದಾಬಾದಿನಲ್ಲಿ, ಆದ್ದರಿಂದ ಅವಳ ಕನ್ನಡ ಗುಜರಾತಿಯ ಮೇಲೆ ಒರಗಿಕೊಂಡೇ ನಡೆಯುತ್ತದೆ. “ಚಿಕ್ಕಿ, ಏಕ್‌ದಮ್ ಮಸ್ತ್ ಉಂಟು. ಹೀರೋ ಬಂತು, ಹೋಯ್ತು, ಬಂತು, ಹೋಯ್ತು! ಅಳುದೆಲ್ಲ ಇಲ್ಲ. ಅಪ್ಪನಿಗೆ ಪಕ್ಕಾ ಖುಷಿ ಆಗ್ತದೆ” ಎಂದಳು.

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ನೋಡಬಹುದಾದ ಸಿನಿಮಾವೇ ಎಂಬುದನ್ನು ತಿಳಿಯಲು ನಾನೇ ಮೊದಲು ವಡೋದರಾದಲ್ಲಿ ನೋಡಿದೆ. ಸ್ಫೋಟಗಳು ಬಂದಾಗಲೆಲ್ಲ ಮಣಿಕಟ್ಟು ಒತ್ತಿ ನನ್ನ ನಾಡಿ ನೋಡಿಕೊಂಡೆ. ಪಕ್ಕದಲ್ಲಿದ್ದ ಹುಡುಗಿ ತನ್ನ ಪಾಪ್‌ಕಾರ್ನನ್ನು ಆಚೆ ಕೈಗೆ ಬದಲಾಯಿಸಿಕೊಂಡು ಸ್ವಲ್ಪ ದೂರ ಸರಿದಳು. ಆಟೊದಲ್ಲಿ ಅಭಿಪ್ರಾಯಗಳನ್ನು ಓದುವಾಗ ‘ಹೃದಯ ಬಾಯಿಗೆ ಬಂತು’ ಎಂದು ಒಬ್ಬರು ಬರೆದಿದ್ದು ಕಂಡು ನಿಜಕ್ಕೂ ಹೆದರಿಕೆಯಾಯಿತು. ಆ ಮಹನೀಯರು ಬೇರೆ ಸಿನಿಮಾಗಳ ಬಗ್ಗೆ ಬರೆದದ್ದನ್ನೂ ಹುಡುಕಿ ಓದಿದೆ. ಮದುವೆ ಮನೆಯ ಹಾಸ್ಯಚಿತ್ರವೊಂದಕ್ಕೂ ಅವರ ಹೃದಯ ಬಾಯಿಗೆ ಬಂದಿತ್ತು. ಸಮಾಧಾನವಾಯಿತು.

ಭಾನುವಾರ ನಾನೂ ನಿಧಿಯೂ ಹೋಟೆಲಿಗೆ ಹಾಜರಾದೆವು. ಹಳೆಯ ಥಿಯೇಟರು ಈಗ ಇಲ್ಲ; ಅಲ್ಲೇ ಹತ್ತಿರ, ಬಿಆರ್‌ಟಿಎಸ್ ಬಸ್ ನಿಲ್ದಾಣದ ಎದುರಿಗೆ, ಮಾಲ್ ಆಗಿದೆ. ಟಿಕೆಟ್ ಭಾವನ ಫೋನಿನಲ್ಲಿ ಬಂದು ಕೂತಿತ್ತು. ಒಂದಲ್ಲ, ಎರಡು ಸೀಟು. ಅಕ್ಕ ರೇಷ್ಮೆಯಲ್ಲದ, ಆದರೆ ರೇಷ್ಮೆಯಂತೆ ಕಾಣುವ ಸೀರೆ ಉಟ್ಟು, ಮಲ್ಲಿಗೆ ಸಿಗಲಿಲ್ಲವೆಂದು ಗುಲಾಬಿ ಮುಡಿದು ಬಂದಳು. ಭಾವ ಅವಳನ್ನು ನೋಡಿ, “ಮದುವೆಗೆ ಹೋಗುದಾ?” ಎಂದರು. “ಹೌದು, ನಮ್ಮದೇ” ಎಂದಳು ಅಕ್ಕ. ಬಾಗಿಲು ದಾಟಿದ ಮೇಲೂ ಭಾವ ತಿರುಗಿ ನೋಡಿದರು, ನೋಡಿದ್ದು ಕುರ್ಚಿಯನ್ನು.

ಗಲ್ಲಾದಲ್ಲಿ ಕೂತ ನನ್ನನ್ನು ಬಂದವರೆಲ್ಲ ಯಜಮಾನರೆಲ್ಲಿ ಎಂದು ವಿಚಾರಿಸಿದರು. “ಶೇಠ್ ಕ್ಯಾಂ?”

“ಪಿಚ್ಚರ್ ಜೋವಾ ಗಯಾ” ಎಂದು ನಿಧಿ ಸಿನಿಮಾಕ್ಕೆ ಹೋದ ವಿಷಯ ಹೇಳುತ್ತಿದ್ದಳು.

“ಅನೇ ಭಾಭಿ?” ಮತ್ತೆ ಅತ್ತಿಗೆ?

“ಬನ್ನೆ.” ಇಬ್ಬರೂ.

ದಿನವೂ ಚಹಾಕ್ಕೆ ಬರುವ ಹಿರಿಯರೊಬ್ಬರು ಲೋಟವನ್ನು ತುಟಿಯಿಂದ ಇಳಿಸಿದರು. “ಬನ್ನೆ ಸಾಥೇ?” ಎಂದು ಒಟ್ಟಿಗೇ ಎಂಬುದನ್ನು ಖಚಿತ ಮಾಡಿಕೊಂಡು, ಪಕ್ಕದ ಮೇಜಿನವರಿಗೂ ಸುದ್ದಿ ಮುಟ್ಟಿಸಿದರು.

ಅವರು ಹೋಗಿ ಒಂದು ಗಂಟೆಯ ಮೇಲಾಗಿರಬೇಕು. ನಾನು ಬಿಲ್ಲಿನ ಯಂತ್ರದ ಕಾಗದ ಬದಲಾಯಿಸಲು ಬಗ್ಗಿದ್ದೆ. ತಲೆಯೆತ್ತಿದರೆ ಭಾವ ಎದುರಿಗೆ ನಿಂತಿದ್ದಾರೆ. ಕೈತೊಳೆದು, ಕರವಸ್ತ್ರದಲ್ಲಿ ಒರೆಸಿಕೊಳ್ಳುತ್ತಿದ್ದಾರೆ.

“ಏಳು ಚಂದ್ರಿ. ನಾನು ಕೂತ್ಕೊಳ್ತೇನೆ. ಫಸ್ಟ್ ಹಾಫ್ ಪರವಾಗಿಲ್ಲ, ಆದ್ರೆ ಅವ ಮರೆಯುದು ಸ್ವಲ್ಪ ಜಾಸ್ತಿ ಆಯ್ತು.”

ನಿಧಿ ಒಳಗಿನಿಂದ ಬಂದವಳು, “ಅಪ್ಪ! ಅಮ್ಮ ಎಲ್ಲಿ?” ಎಂದಳು.

“ಅವಳು ಹೋದ್ಲಲ್ಲ, ಸೆಕೆಂಡ್ ಹಾಫ್‌ಗೆ…” ಎಂದರು ಭಾವ. ಹೇಳುತ್ತ ಹೇಳುತ್ತ ಅವರ ಮುಖ ಬದಲಾಯಿತು. ಕರವಸ್ತ್ರ ಹಿಡಿದ ಕೈ ಹಾಗೇ ನಿಂತಿತು. “ಅಯ್ಯಯ್ಯೋ. ಅವಳು ಒಳಗೇ ಇದ್ದಾಳೆ ಮಾರಾಯ್ತಿ. ದೀಪ ಹಾಕಿದ್ರು, ನಾನು ಎದ್ದು ಬಂದೆ. ಕಾಲು ತಾನಾಗಿ ಬಂತು.”

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅಂದೇ ಬರೆದಿಟ್ಟಿದ್ದೇನೆ. ಆದರೂ ನೀವು ನಂಬುವುದು ಕಷ್ಟ ಎಂದು ಗೊತ್ತು. ಅಷ್ಟು ವರ್ಷ ಪಕ್ಕದ ಸೀಟಿನಲ್ಲಿ ಯಾರೂ ಇಲ್ಲದೆ ಸಿನಿಮಾ ನೋಡಿದವರಿಗೆ ಆ ದೀಪದ ಅರ್ಥ ಒಂದೇ: ಎದ್ದು ಹೋಟೆಲಿಗೆ ನಡೆ.

ಭಾವ ಬಾಗಿಲ ಕಡೆ ಓಡತೊಡಗಿದರು. “ಓಡ್ಬೇಡಿ ಭಾವ!” ಎಂದು ನಾನು ಕೂಗಿದ್ದಕ್ಕೆ ದೋಸೆ ತಿನ್ನುತ್ತಿದ್ದವರೆಲ್ಲ ತಿರುಗಿದರು. ಅಕ್ಕನಿಗೆ ಫೋನ್ ಮಾಡಿದೆ. ಸಿನಿಮಾ ಶುರುವಾಗುವ ಮೊದಲೇ ಅವಳು ಅದನ್ನು ಆರಿಸಿಟ್ಟಿದ್ದಳು. ಇವತ್ತು ಯಾರೂ ಕರೆಯಬಾರದು ಎಂದು. ನಿಧಿ ಅಪ್ಪನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದಳು. ನಾನು ಗಲ್ಲಾ ಬಿಟ್ಟು ಏಳುವಂತಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅವಳೊಬ್ಬಳೇ ಬಂದಳು. “ಅಪ್ಪ ಒಳಗೆ ಹೋಯ್ತು. ಅಮ್ಮ ನಂಗೆ ಕಾಣಲಿಲ್ಲ” ಎಂದಳು. ಮತ್ತೆ ಕಾಯುವುದಷ್ಟೇ ಉಳಿಯಿತು. ಅಕ್ಕ ಕೇಳಿದ್ದು ಒಂದೇ ಒಂದು ಸಿನಿಮಾ. ಅದಕ್ಕೂ ಹೀಗಾಯಿತಲ್ಲ ಎಂದುಕೊಳ್ಳುತ್ತ ಮೂರು ಮಸಾಲೆ ದೋಸೆಗೆ ನಾಲ್ಕರ ಬಿಲ್ಲು ಹರಿದೆ.

ಬಿಸಿಲು ಇಳಿದು ಸಂಜೆಯ ಜನ ಬರುವುದಕ್ಕೆ ಮೊದಲು ಅವರಿಬ್ಬರೂ ಬಂದರು. ಭಾವ ಮುಂದೆ, ತಲೆ ತಗ್ಗಿಸಿಕೊಂಡು. ಅಕ್ಕ ಹಿಂದೆ, ಗುಲಾಬಿ ಇಲ್ಲ, ಕಣ್ಣು ಕೆಂಪಾಗಿದೆ. ಆದರೆ ಬಾಯಿ ಸರಿಯಾಗಿಯೇ ಇತ್ತು.

“ಆ ಹೀರೋ ಆದ್ರೂ ಹಾರಿ ಹಾರಿ ಹೆಂಡತಿಯನ್ನು ಮರೆತ. ನಿನ್ನ ಭಾವ ನಡ್ಕೊಂಡು ಬಂದು ಮರೆತ್ರು!”

“ಸಾವಿರ ಸಲ ಹೇಳಿದೆ, ಮರೆತದ್ದಲ್ಲ” ಎಂದರು ಭಾವ.

ಆಮೇಲೆ ಚಹಾ ಕುಡಿಯುತ್ತ ಅಕ್ಕ ಹೇಳಿದಳು. ಇವರು ಬಾತ್‌ರೂಮಿಗೆ ಹೋಗಿರಬೇಕು ಎಂದುಕೊಂಡಳಂತೆ. ದೀಪ ಆರಿತು, ಸಿನಿಮಾ ಮತ್ತೆ ಶುರುವಾಯಿತು, ಸೀಟು ಖಾಲಿ. ತೆರೆಯ ಮೇಲೆ ಏನಾಯಿತೋ ಅವಳಿಗೆ ಗೊತ್ತಿಲ್ಲ, ಅವಳು ನೋಡಿದ್ದು ಬಾಗಿಲು. ಕೊನೆಗೆ ತಡೆಯಲಾರದೆ ಎದ್ದು ಹೊರಗೆ ಬಂದು, ಗಂಡಸರ ಬಾತ್‌ರೂಮಿನೊಳಗೆ ನೋಡಿ ಬರಲು ಅಲ್ಲಿಯ ನೌಕರನನ್ನು ಕಳಿಸಿದಳು. ಅವನು ಬಂದು ಯಾರೂ ಇಲ್ಲ ಎಂದ. ಫೋನ್ ಮಾಡುವುದೂ ಅವಳಿಗೆ ಹೊಳೆಯಲಿಲ್ಲವಂತೆ.

“ಆಗ ಇವರಿಗೆ ಪುನಃ ಎಂತಾದ್ರೂ ಆಯ್ತಾ ಅಂತ ಹೆದರಿದೆ ಚಂದ್ರಿ. ಇಡೀ ಸಿನಿಮಾ ನೋಡ್ಬೇಕು ಅಂತ ನಾನೇ ಹಟ ಮಾಡಿದ್ದಲ್ವಾ ಅಂತ.”

“ನಾನು ಹೋಗುವಾಗ ಬಾಗಿಲ ಹತ್ತಿರವೇ ನಿಂತಿದ್ಲು” ಎಂದರು ಭಾವ, ಲೋಟದೊಳಗೆ ನೋಡುತ್ತ. “ಯಾವಾಗಲೂ ನಿಲ್ಲುವ ಹಾಗೆಯೇ. ಆದ್ರೆ ಅಳ್ತಾ ಇದ್ಲು.”

ಒಳಗೆ ಕಾವಲಿಗೆ ನೀರು ಚಿಮುಕಿಸಿದ ಚುರ್ ಶಬ್ದ ಬಂತು.

“ಪೂರ್ತಿ ನೋಡಿದ ಹಾಗೆ ಆಗ್ಲಿಲ್ಲವಲ್ಲ ಅಕ್ಕ” ಎಂದೆ.

“ನಡುವೆ ಸ್ವಲ್ಪ ಹೋಯ್ತು. ಹೋಗ್ಲಿ. ಉಳಿದದ್ದು ಒಟ್ಟಿಗೇ ನೋಡಿದ್ದು. ನಾನು ಇವರ ಕೈ ಬಿಡ್ಲೇ ಇಲ್ಲ, ಪುನಃ ಎದ್ದು ಹೋದ್ರೆ ಅಂತ.”

“ರಕ್ತ ನಿಂತುಹೋಗಿತ್ತು ಕೈಯಲ್ಲಿ” ಎಂದರು ಭಾವ. “ಅಷ್ಟು ಗಟ್ಟಿ ಹಿಡಿದಿದ್ಲು.”

ನನ್ನ ಚಟ ಎಲ್ಲಿ ಬಿಡುತ್ತದೆ? “ಸಿನಿಮಾ ಹೇಗಿತ್ತು?” ಎಂದು ಕೇಳಿಯೇಬಿಟ್ಟೆ.

ಭಾವ ಲೋಟ ಕೆಳಗಿಟ್ಟು, ಮೈ ಮುಂದಕ್ಕೆ ಬಾಗಿಸಿ, ದಿನದ ಅಭ್ಯಾಸದಂತೆ ಅಕ್ಕನ ಕಡೆಗೆ ತಿರುಗಿದರು. “ಕೊನೆಗೆ ಎಂತ ಆಗ್ತದೆ ಗೊತ್ತುಂಟಾ? ಅವ ಇನ್ನು ಹಾರುದೇ ಬೇಡ ಅಂತ ಮಾಡ್ತಾನೆ. ಉಳಿದ ನೆನಪು ಉಳೀಲಿ ಅಂತ. ಅಷ್ಟು ದೂರದಿಂದ ಮನೆಗೆ ನಡ್ಕೊಂಡೇ…”

“ನಾನೂ ಅಲ್ಲೇ ಕೂತಿದ್ದೆನಲ್ಲ ಮಾರಾಯ್ರೆ!” ಎಂದಳು ಅಕ್ಕ.

ಭಾವ ಥಟ್ಟನೆ ಮಾತು ನಿಲ್ಲಿಸಿದರು. ಮದುವೆಯಾದ ಮೇಲೆ ಮೊದಲ ಸಲ ಸಿನಿಮಾದ ಕೊನೆಯನ್ನು ಅವರೂ ಕಣ್ಣಾರೆ ನೋಡಿದ್ದರು. ಆದರೆ ಅದನ್ನು ಹೇಳಲು ಜನ ಇರಲಿಲ್ಲ. ಅವರ ಮುಖ ನೋಡಿ ನನಗೆ ಪಾಪವೆನಿಸಿತು. ನನಗೆ ಹೇಳಿ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಅಕ್ಕ ತನ್ನ ಕುರ್ಚಿಯನ್ನು ಭಾವನ ಹತ್ತಿರಕ್ಕೆ ಎಳೆದುಕೊಂಡಳು.

“ಹೇಳಿ” ಎಂದಳು. “ಆದ್ರೂ ಹೇಳಿ. ಮನೆಗೆ ನಡ್ಕೊಂಡೇ ಹೋಗ್ತಾನೆ. ಆಮೇಲೆ?”

ಗಿರಾಕಿಗಳು ಒಬ್ಬೊಬ್ಬರಾಗಿ ಬರತೊಡಗಿದರು. ನಾನು ಗಲ್ಲಾದ ಕುರ್ಚಿಯಿಂದ ಏಳಲಿಲ್ಲ.